ಎರಡು ಹಂಡೆ, ಒಂದು ಸೌಟು

ಸೌಟಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು, ಅಲ್ಲಿಯೂ ಅರ್ಧ ಎಣ್ಣೆಗೆ ಅಳಿಸಿಹೋಗಿತ್ತು. ಮೂವತ್ತು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹಂಡೆಗಳ ಮುಂದೆ ನಿಂತು, ಆಮೇಲೆ ಹೃದಯದ ಸಂಶೋಧನಾಲಯದ ಅಡುಗೆಮನೆಗೆ ಬಂದು ಸೇರಿದ ಈ ಮನುಷ್ಯನ ಬಲಗೈಯಲ್ಲಿ ಸೌಟಿಲ್ಲದ ಹೊತ್ತನ್ನು ಕಂಡವರು ಕಡಿಮೆ. ದಾರಿ ಕೇಳಿದವರಿಗೆ ಸೌಟಿನಿಂದ ದಿಕ್ಕು ತೋರಿಸುತ್ತಿದ್ದ. ಬೆನ್ನು ತುರಿಸಿದರೆ ಸೌಟಿನ ಹಿಡಿ ಇತ್ತು. ಇದನ್ನು ಅವನು ಒಪ್ಪುವುದಿಲ್ಲ.

ತನ್ನ ನಾಲಿಗೆಯ ಬಗ್ಗೆ ಅವನಿಗಿದ್ದ ಗೌರವ ಕೆಲವರಿಗೆ ತಮ್ಮ ಮಾವನ ಬಗ್ಗೆಯೂ ಇರುವುದಿಲ್ಲ. ಬೆಳಿಗ್ಗೆ ಎದ್ದು ಮೊದಲು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದದ್ದು ಮುಖವನ್ನಲ್ಲ, ನಾಲಿಗೆಯನ್ನು. ಆ ನಾಲಿಗೆ ಸುಮ್ಮನೆ ಬಂದದ್ದೂ ಅಲ್ಲ. ಕಾರ್ಖಾನೆಯಲ್ಲಿದ್ದಾಗ ಒಂದು ದಿನ ಎರಡು ಹಂಡೆಗಳ ಪೈಕಿ ಒಂದಕ್ಕೆ ಉಪ್ಪು ತುಸು ಹೆಚ್ಚಾಗಿ, ಆ ಕಡೆಯ ಸಾಲಿನವರು "ಅವರಿಗೊಂದು ರುಚಿ, ನಮಗೊಂದು ರುಚಿಯಾ?" ಎಂದು ತಟ್ಟೆ ಬಡಿದು, ಮಧ್ಯಾಹ್ನದವರೆಗೆ ಯಂತ್ರಗಳು ನಿಂತುಹೋಗಿದ್ದವು. ಅಂದು ಸಂಜೆ ಹಿರಿಯ ಬಾಣಸಿಗ ಅವನ ಕಿವಿ ಹಿಂಡಿ ಕಲಿಸಿದ ಪಾಠ ಒಂದೇ: "ಹಂಡೆ ಎಷ್ಟಾದರೂ ಇರಲಿ, ರುಚಿ ಒಂದಿರಬೇಕು. ಇಳಿಸೋ ಮುಂಚೆ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಅದನ್ನ ಕೂಡಿಸೋದು ಅಂತಾರೆ. ಕೂಡಿಸದೇ ಬಡಿಸಿದವನು ಅಡುಗೆಯವನಲ್ಲ, ಬಡಿಸೋ ಯಂತ್ರ." ಅಂದಿನಿಂದ ಸೌಟಣ್ಣ ಕೂಡಿಸದ ದಿನವಿಲ್ಲ. ಉಸಿರಾಡಿದಷ್ಟೇ ಸಹಜವಾಗಿ ಕೂಡಿಸುತ್ತಿದ್ದ. ಉಸಿರಾಡಿದ್ದನ್ನು ಯಾರಾದರೂ ವರದಿ ಮಾಡುತ್ತಾರೆಯೇ?

ಸಂಶೋಧನಾಲಯದ ಪ್ರೊಫೆಸರರು ಒಳ್ಳೆಯ ಮನುಷ್ಯ. ಆದರೆ ಬಾಗಿಲಿನಿಂದ ಮೊದಲು ಅವರ ಗಾಂಭೀರ್ಯ ಒಳಗೆ ಬರುತ್ತಿತ್ತು, ಅದು ಕುರ್ಚಿಯಲ್ಲಿ ಕುಳಿತ ಮೇಲೆ ಅವರು. ಒಂದು ಬೆಳಿಗ್ಗೆ ಹೀಗೆ ಎರಡು ಕಂತಿನಲ್ಲಿ ಅಡುಗೆಮನೆಗೆ ಬಂದವರು, ಎರಡು ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟರು. ಒಂದಕ್ಕೆ ಕೆಂಪು ಚೀಟಿ, ಒಂದಕ್ಕೆ ಹಸಿರು ಚೀಟಿ.

"ಜೀನ್ ಅಂದ್ರೆ ಏನು ಗೊತ್ತಾ ನಿಮಗೆ?"

"ಕೇಳಿದ್ದೀನಿ ಸಾರ್. ನಮ್ಮ ಅಕ್ಕನ ಮೂಗು ನಮ್ಮಜ್ಜಿಯದು ಅಂತಾರಲ್ಲ, ಅದು."

"ಅದೇ. ಅದೊಂದು ಅಡುಗೆ ಪುಸ್ತಕ ಅಂದ್ಕೊಳ್ಳಿ. ದೇಹದ ಒಂದೊಂದು ಜೀವಕೋಶದಲ್ಲೂ ಅದೇ ಪುಸ್ತಕ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನೋದರಲ್ಲಿ ಎಲ್ಲಾ ಇದೆ. ಈರುಳ್ಳಿ ಸಿಪ್ಪೆ, ಸೊಪ್ಪು, ಹಣ್ಣಿನ ತೊಗಟೆ, ಇವುಗಳಲ್ಲಿರೋ ಕೆಲವು ಸತ್ವಗಳು ಪುಟ ತಿರುಗಿಸುತ್ತವೆ. ರಕ್ತನಾಳವನ್ನ ಕಾಯೋ ಪುಟ ತೆರೆದು, ಉರಿಯೂತದ ಪುಟ ಮುಚ್ಚಿಕೊಂಡರೆ ಹೃದಯಕ್ಕೆ ಹಗುರ."

"ಅಕ್ಷರ ಬದಲಾಗಲ್ಲ ತಾನೇ ಸಾರ್?"

"ಒಂದಕ್ಷರವೂ ಬದಲಾಗಲ್ಲ. ಪುಟ ಮಾತ್ರ."

"ಅತ್ತೆ ಬರೆದ ಪುಸ್ತಕ, ಸೊಸೆ ತೆರೆದ ಪುಟ ಅನ್ನಿ."

ಪ್ರೊಫೆಸರರು ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಮುಂದಿನ ವಾರದ ಭಾಷಣದಲ್ಲಿ ಆ ಮಾತು ಅವರದೇ ಆಗಿ ಹೊರಬಂತು.

ಪ್ರಯೋಗ ಇಷ್ಟೇ. ರಕ್ತದೊತ್ತಡ ಇರುವ ನಲವತ್ತು ಜನ ಹನ್ನೆರಡು ವಾರ ದಿನಾ ಬಂದು ಒಂದೊಂದು ಬಟ್ಟಲು ತರಕಾರಿ ಸೂಪು ಕುಡಿಯಬೇಕು. ಇಪ್ಪತ್ತು ಜನಕ್ಕೆ ಕೆಂಪು ಅಂಚಿನ ಬಟ್ಟಲು, ಇಪ್ಪತ್ತು ಜನಕ್ಕೆ ಹಸಿರು ಅಂಚಿನದು. ಒಂದು ಡಬ್ಬಿಯಲ್ಲಿ ಈರುಳ್ಳಿ ಸಿಪ್ಪೆಯ ಸತ್ವದ ಪುಡಿ, ಇನ್ನೊಂದರಲ್ಲಿ ಬಣ್ಣ ಕಲಸಿದ ಬರೀ ಹಿಟ್ಟು. ಯಾವುದು ಯಾವುದೆಂದು ಕುಡಿಯುವವರಿಗೂ ಗೊತ್ತಿರಕೂಡದು, ಮಾಡುವವನಿಗೂ ಗೊತ್ತಿರಕೂಡದು. ಎಲ್ಲರೂ ತಂತಮ್ಮ ಮಾತ್ರೆಗಳನ್ನು ಎಂದಿನಂತೆ ನುಂಗುತ್ತಿರಬೇಕು. ಮೊದಲೂ ಕೊನೆಗೂ ರಕ್ತ ತೆಗೆದು ಯಾವ ಪುಟ ತೆರೆದಿದೆ ಎಂದು ನೋಡುವುದು.

ಸೌಟಣ್ಣ ಕೆಂಪು ಡಬ್ಬಿಯ ಮುಚ್ಚಳ ತೆಗೆದ. ಮೂಗು ಹತ್ತಿರ ಒಯ್ಯುವುದಕ್ಕೂ ಮುಂಚೆ ಅದು ಈರುಳ್ಳಿ ಸಿಪ್ಪೆ ಎಂದು ಗೊತ್ತಾಯಿತು. ಹೇಳಲಿಲ್ಲ. ಗೊತ್ತಿರಕೂಡದು ಅಂದಿದ್ದಾರೆ, ದೊಡ್ಡವರ ಮಾತು ಮೀರಬಾರದು.

ಹಸಿರು ಬಟ್ಟಲಿನವರ ಪೈಕಿ ಅವನ ಅಕ್ಕನೂ ಇದ್ದಳು. ಅಕ್ಕ ದರ್ಜಿ. ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕಿಟಕಿಯ ಹತ್ತಿರ ಗುಂಡಿಗಳ ದೊಡ್ಡ ಡಬ್ಬ. ಇವೇ ಅವಳ ಸಂಸಾರ. ಎರಡು ವರ್ಷದ ಹಿಂದೆ ಎದೆ ಹಿಡಿದುಕೊಂಡು ಕುಸಿದು, ಆರು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಅಂದಿನಿಂದ ದಿನಕ್ಕೆ ಮೂರು ಮಾತ್ರೆ. ಆ ಆರು ದಿನ ಸೌಟಣ್ಣ ಅಡುಗೆಗೆ ಉಪ್ಪು ಹಾಕಿದ್ದನೋ ಇಲ್ಲವೋ ಅವನಿಗೇ ನೆನಪಿಲ್ಲ. ಇದ್ದದ್ದು ಅವಳೊಬ್ಬಳೇ ಅಕ್ಕ, ಅವನನ್ನು ಎತ್ತಿ ಬೆಳೆಸಿದವಳು, ಈಗಲೂ ಅವನ ಕಾಲರ್ ಸರಿಮಾಡದೆ ಮಾತು ಶುರುಮಾಡದವಳು.

ಮೊದಲ ವಾರ ಮುಗಿಯುವ ಹೊತ್ತಿಗೆ ಗಲಾಟೆ ಶುರುವಾಯಿತು. ಕೆಂಪು ಬಟ್ಟಲಿನವರು "ನಮ್ಮದು ಒಗರು" ಅಂದರು. ಹಸಿರಿನವರು "ನಮ್ಮದು ಸಪ್ಪೆ" ಅಂದರು. ಇಬ್ಬರೂ ಪಕ್ಕದವರ ಬಟ್ಟಲಿಗೆ ಚಮಚ ಅದ್ದತೊಡಗಿದರು. ಪ್ರೊಫೆಸರರು ಕೆಂಪಾದರು.

"ನೋಡಿ, ನಾಲಿಗೆಗೆ ವ್ಯತ್ಯಾಸ ಗೊತ್ತಾದರೆ ಪ್ರಯೋಗ ಸತ್ತ ಹಾಗೆ. ಇಪ್ಪತ್ತು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎರಡೂ ಒಂದೇ ಥರ ಇರಬೇಕು. ಹೇಗೆ ಮಾಡ್ತೀರೋ ನನಗೆ ಗೊತ್ತಿಲ್ಲ."

ಆ ಕೊನೆಯ ವಾಕ್ಯವನ್ನು ಅವರು ಹೇಳಬಾರದಿತ್ತು.

ಸೌಟಣ್ಣ ಮೊದಲು ಹಸಿರು ಹಂಡೆಗೆ ನಿಂಬೆ ಹಿಂಡಿ ನೋಡಿದ. ಕೆಂಪಿಗೆ ಸುಟ್ಟ ಕ್ಯಾರೆಟ್ಟು ಹಾಕಿದ. ಒಗರು ಜಗ್ಗಲಿಲ್ಲ. ಮೂರನೇ ದಿನ ಅವನಿಗೆ ತನ್ನ ಮೇಲೇ ನಗು ಬಂತು. ಎರಡು ಹಂಡೆ, ಒಂದು ರುಚಿ. ಇದನ್ನು ಅವನಿಗೆ ಯಾರು ಹೇಳಿಕೊಡಬೇಕು? ಕೆಂಪಿನಿಂದ ಹತ್ತು ಸೌಟು ಹಸಿರಿಗೆ, ಹಸಿರಿನಿಂದ ಹತ್ತು ಸೌಟು ಕೆಂಪಿಗೆ, ಕಲಕು. ಹೀಗೆ ಮೂರು ಸುತ್ತು. ಕೊನೆಗೆ ಕಣ್ಣು ಮುಚ್ಚಿ ಎರಡನ್ನೂ ನೆಕ್ಕಿ ನೋಡಿದ. ಅವಳಿ ಮಕ್ಕಳ ಹಾಗಿದ್ದವು, ಹೆತ್ತವಳಿಗೂ ಗುರುತು ಸಿಗದು.

ಪ್ರೊಫೆಸರರು ಎರಡು ಚಮಚ ಕುಡಿದು, ನೀರು ಮುಕ್ಕಳಿಸಿ, ಮತ್ತೆರಡು ಚಮಚ ಕುಡಿದರು. "ಅದ್ಭುತ. ನೀವು ಅಡುಗೆಯವರಲ್ಲ, ವಿಜ್ಞಾನಿ," ಎಂದರು. ಮಾರನೆಯ ದಿನ ಒಂದು ಬಿಳಿ ಕೋಟು ಬಂತು, ಜೇಬಿನ ಮೇಲೆ ಸಂಸ್ಥೆಯ ಗುರುತು ಸಮೇತ.

ಬಿಳಿ ಕೋಟು ಸಣ್ಣ ವಸ್ತುವಲ್ಲ. ಅದನ್ನು ಹಾಕಿಕೊಂಡವನ ಗಂಟಲು ತಾನಾಗಿಯೇ ಒಂದು ಸ್ವರ ಕೆಳಗಿಳಿಯುತ್ತದೆ. ತರಕಾರಿ ಮಾರುವವನ ಹತ್ತಿರ ಸೌಟಣ್ಣ ಈರುಳ್ಳಿ ಆರಿಸುತ್ತಾ, "ಸಿಪ್ಪೆ ಯಾಕಯ್ಯಾ ಸುಲಿದು ಬಿಸಾಡ್ತೀಯ? ಜನರ ಪುಟಗಳು ಮುಚ್ಚಿಹೋಗಿವೆ," ಎನ್ನತೊಡಗಿದ. ಅವನು "ಪುಟ ಗಿಟ ಗೊತ್ತಿಲ್ಲ, ಸಿಪ್ಪೆ ಬೇಕಾದ್ರೆ ಚೀಲಗಟ್ಟಲೆ ಒಯ್ಯಿ" ಅಂದ. ವಿಜ್ಞಾನಕ್ಕೆ ಹೀಗೆ ಹಿತ್ತಲಗಿಡದ ಪಾಡು ಬಂದದ್ದಕ್ಕೆ ಸೌಟಣ್ಣ ನಿಟ್ಟುಸಿರಿಟ್ಟ.

ಹನ್ನೆರಡು ವಾರ ಕಳೆದವು. ರಕ್ತ ತೆಗೆಯುವವಳು ಎಲ್ಲರ ಬಾಯಲ್ಲಿ ಸೂಜಿ ಮೇಡಂ. ಅವಳ ಕೈ ಹಗುರ, ನಾಲಿಗೆ ಮಾತ್ರ ಸೂಜಿಯೇ. ಅವಳು ನಲವತ್ತು ಜನರ ರಕ್ತ ತೆಗೆದು, ಯಂತ್ರಕ್ಕೆ ಹಾಕಿ, ಕಾಗದಗಳನ್ನು ಪ್ರೊಫೆಸರರ ಮೇಜಿನ ಮೇಲಿಟ್ಟಳು. ಪ್ರೊಫೆಸರರ ಮುಖ ಇಳಿಯಿತು. ಕೆಂಪಿನವರ ಪುಟಗಳು ಒಂದಿಷ್ಟು ತೆರೆದಿದ್ದವು, ಒತ್ತಡ ಒಂದಿಷ್ಟು ಇಳಿದಿತ್ತು. ಹಸಿರಿನವರವೂ ಅಷ್ಟೇ ತೆರೆದಿದ್ದವು, ಒತ್ತಡವೂ ಅಷ್ಟೇ ಇಳಿದಿತ್ತು.

"ಸಾರ್, ಹಸಿರಿನವರ ರಕ್ತದಲ್ಲೂ ಈರುಳ್ಳಿ ಸತ್ವ ಕಾಣ್ತಿದೆ," ಎಂದಳು ಸೂಜಿ ಮೇಡಂ.

"ಸಾಧ್ಯವಿಲ್ಲ. ಯಂತ್ರ ಕೊಳೆಯಾಗಿದೆ. ತೊಳೀರಿ."

ತೊಳೆದಳು. ಮತ್ತೆ ಕಂಡಿತು. ಮತ್ತೆ ತೊಳೆಯಿರಿ ಎಂದರು. ಮೂರನೇ ಸಲ ತೊಳೆದ ಮೇಲೆ, "ಸಾರ್, ಇನ್ನೊಂದು ಸಲ ತೊಳೆದರೆ ಯಂತ್ರಕ್ಕೆ ನೆಗಡಿ ಆಗುತ್ತೆ," ಎಂದಳು.

ಪ್ರೊಫೆಸರರು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೇ ದಿನ ಮುಖದಲ್ಲಿ ಬೆಳಕು ಹೊತ್ತು ಬಂದರು. ದೊಡ್ಡವರ ಲಕ್ಷಣವೇ ಅದು. ತಪ್ಪು ಹುಡುಕಿದರೆ ಸಿಗುವ ಜಾಗದಲ್ಲಿ ಅವರು ಸಿದ್ಧಾಂತ ಹುಡುಕುತ್ತಾರೆ. ನಲವತ್ತು ಜನರನ್ನೂ ಸಭೆ ಕರೆದು ಹೇಳಿದರು:

"ಹಸಿರು ಬಟ್ಟಲಿನವರು ಕುಡಿದದ್ದು ಬರೀ ಹಿಟ್ಟು. ಆದರೂ ನಿಮ್ಮ ಜೀನ್‌ಗಳು ಮಾತು ಕೇಳಿವೆ. ಯಾರ ಮಾತು? ನಿಮ್ಮ ಮನಸ್ಸಿನ ಮಾತು. ನಂಬಿಕೆಯೇ ಪುಟ ತಿರುಗಿಸಿದೆ. ಬರುವ ಶುಕ್ರವಾರ ಹೊರಗಿನಿಂದ ವಿದ್ವಾಂಸರು ಬರ್ತಿದ್ದಾರೆ. ಇದನ್ನ ಅವರ ಮುಂದೆ ಮಂಡಿಸ್ತೀನಿ. ನಮ್ಮ ಸೌಟಣ್ಣನೂ ವೇದಿಕೆ ಮೇಲಿರ್ತಾರೆ."

ಚಪ್ಪಾಳೆ ಬಿತ್ತು. ಸೌಟಣ್ಣನಿಗೆ ಆ ಚಪ್ಪಾಳೆಯ ನಡುವೆಯೇ ಎಲ್ಲೋ ತಳ ಹಿಡಿಯುತ್ತಿರುವ ವಾಸನೆ ಬಡಿಯಿತು. ಅಡುಗೆಮನೆಯ ವಾಸನೆಯಲ್ಲ, ಒಳಗಿನದು. ಹತ್ತು ಸೌಟು, ಮೂರು ಸುತ್ತು. ಆದರೆ ವೇದಿಕೆ ಎಂಬ ಮಾತು ಆ ವಾಸನೆಯ ಮೇಲೆ ಮುಚ್ಚಳ ಹಾಕಿತು. ಪ್ರೊಫೆಸರರಿಗಿಂತ ತನಗೆ ಹೆಚ್ಚು ಗೊತ್ತೇ?

ಹಸಿರಿನವರಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಡ ಇಳಿದದ್ದು ಅಕ್ಕನದು. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡ ಠೀವಿ ನೋಡಿದರೆ, ಬರೀ ಹಿಟ್ಟಿಗೆ ಮದ್ದಿನ ಕೆಲಸ ಕಲಿಸಿದವಳು ತಾನು ಎಂಬಂತಿತ್ತು. ಆ ವಾರ ಬೀದಿಯಲ್ಲಿ ಅವಳದೇ ಮಾತು. ರವಿಕೆಯ ಅಳತೆಗೆ ಬಂದವರಿಗೆಲ್ಲಾ ಅಳತೆಯ ಜೊತೆ ಉಪದೇಶವೂ ಸಿಕ್ಕಿತು.

ಗುರುವಾರ ಬೆಳಿಗ್ಗೆ ಬಿಳಿ ಕೋಟು ತೊಟ್ಟು ನೋಡುವಾಗ ಹೊಟ್ಟೆಯ ಹತ್ತಿರದ ಗುಂಡಿ ಪಟ್ಟೆಂದು ಹಾರಿಹೋಯಿತು. ಹನ್ನೆರಡು ವಾರ ದಿನಾ ಎರಡು ಹಂಡೆ ರುಚಿ ನೋಡಿದ ಫಲ. ಸೌಟಣ್ಣ ಅಕ್ಕನ ಕೋಣೆಗೆ ಹೋದ. ಅಕ್ಕ ಮೆಟ್ಟಿಲು ಹತ್ತಿ ಆಗಷ್ಟೇ ಬಂದಿದ್ದಳು. ಕುರ್ಚಿಯ ಬೆನ್ನು ಹಿಡಿದು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಏನಕ್ಕಾ, ಏದುಸಿರು?"

"ಮೆಟ್ಟಿಲು ಎತ್ತರ ಆಗಿವೆ ಕಣೋ. ಡಬ್ಬದಲ್ಲಿ ಬಿಳೀ ಗುಂಡಿ ಇದೆ, ನೀನೇ ಹುಡುಕು."

ಸೌಟಣ್ಣ ಡಬ್ಬಕ್ಕೆ ಕೈ ಹಾಕಿ ಒಂದು ಬಿಳಿ ಗುಂಡಿ ತೆಗೆದ. ತೂತಿರಲಿಲ್ಲ. ಇನ್ನೊಂದು ತೆಗೆದ. ಅದಕ್ಕೂ ತೂತಿರಲಿಲ್ಲ. ಮೂರನೆಯದರ ಮೇಲೆ ಸಣ್ಣ ಗೀರಿತ್ತು, ಅರ್ಧ ಮುರಿಯುವುದಕ್ಕೆ.

"ಅಕ್ಕಾ, ಇವು ಮಾತ್ರೆ."

"ಹೌದು. ಬಿಸಾಡೋಕೆ ಮನಸ್ಸು ಬರಲಿಲ್ಲ, ಅಲ್ಲಿ ಹಾಕ್ದೆ."

"ಎಷ್ಟು ದಿನದಿಂದ?"

"ಸಭೆ ಆದ ದಿನದಿಂದ. ಬರೀ ಹಿಟ್ಟು ಕುಡಿದು ಅಷ್ಟು ಇಳಿಸಿದವಳಿಗೆ ಈ ಮಾತ್ರೆ ಯಾಕೆ? ನನ್ನ ಮನಸ್ಸು ಗಟ್ಟಿ ಅಂತ ನಿಮ್ಮ ಪ್ರೊಫೆಸರೇ ಹೇಳಿದ್ರಲ್ಲ."

"ಮಾತ್ರೆ ಬಿಡಿ ಅಂತ ಅವರು ಹೇಳಿದ್ರಾ?"

"ಎಲ್ಲಾ ಬಾಯಿಬಿಟ್ಟು ಹೇಳಬೇಕೇನೋ? ಬುದ್ಧಿ ಇರೋರಿಗೆ ಅರ್ಥ ಆಗುತ್ತೆ."

ಸೌಟಣ್ಣ ಬಟ್ಟೆಯ ಸುರುಳಿಯ ಮೇಲೆ ಕುಳಿತುಬಿಟ್ಟ. "ಅಕ್ಕಾ, ಅದು ಹಿಟ್ಟಲ್ಲ. ನಾನು ಕೂಡಿಸ್ತಿದ್ದೆ. ಕೆಂಪು ಹಂಡೆಯ ಅರ್ಧ ನಿನ್ನ ಹೊಟ್ಟೆಗೂ ಬಂದಿದೆ."

ಅಕ್ಕ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಹೊಟ್ಟೆಕಿಚ್ಚು ನಿಂಗೆ. ನಾನು ತರಗತಿಗೆ ಮೊದಲು ಬಂದಾಗಲೂ ನೀನು ಹೀಗೇ ಅಂದಿದ್ದೆ, ಉತ್ತರ ನೀನೇ ನನಗೆ ಹೇಳಿಕೊಟ್ಟಿದ್ದು ಅಂತ. ಆಗ ಒಂದನೇ ಕ್ಲಾಸಲ್ಲಿದ್ದೆ ನೀನು."

"ಆಣೆ ಮಾಡಿ ಹೇಳ್ತೀನಿ."

"ನಿನ್ನ ಆಣೆ ನನಗೆ ಗೊತ್ತಿಲ್ವಾ? ಪ್ರೊಫೆಸರ್ ಬಂದು ನನ್ನೆದುರು ಹೇಳಲಿ, ಆಗ ನುಂಗ್ತೀನಿ. ಕೋಟು ಕೊಡು ಇಲ್ಲಿ."

ಅವಳು ಗುಂಡಿ ಹೊಲಿದುಕೊಟ್ಟಳು. ದಾರ ಕಚ್ಚಿ ತುಂಡರಿಸುವಾಗಲೂ ಉಸಿರಿಗಾಗಿ ಒಮ್ಮೆ ನಿಂತಳು. ಸೌಟಣ್ಣ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಇಳಿದ. ದಾರಿಯುದ್ದಕ್ಕೂ ಆ ಕೋಟು ನೀರಿಗೆ ಅದ್ದಿದ ಕಂಬಳಿಯಂತೆ ಭಾರವಾಯಿತು. ಹೇಳಿದರೆ ವೇದಿಕೆ ಹೋಯಿತು, ಕೋಟೂ ಹೋಯಿತು, ಬಹುಶಃ ಕೆಲಸವೂ. ಹೇಳದಿದ್ದರೆ? ಆ ಆರು ದಿನ ನೆನಪಾಗಿ, ಅವನು ಬೀದಿಯಲ್ಲಿ ನಡಿಗೆ ಬಿಟ್ಟು ಓಡತೊಡಗಿದ.

ಪ್ರೊಫೆಸರರು ಖಾಲಿ ಕುರ್ಚಿಗಳ ಮುಂದೆ ನಿಂತು ನಾಳೆಯ ಭಾಷಣ ಅಭ್ಯಾಸ ಮಾಡುತ್ತಿದ್ದರು. ಸೂಜಿ ಮೇಡಂ ಮೂಲೆಯಲ್ಲಿ ಚಿತ್ರಗಳನ್ನು ಬದಲಾಯಿಸುತ್ತಿದ್ದಳು.

"ಸಾರ್, ಎರಡು ಹಂಡೆನೂ ನಾನು ಒಂದೇ ಮಾಡ್ತಿದ್ದೆ."

"ಗೊತ್ತು. ಅದಕ್ಕೇ ಅಲ್ವೇ ನಿಮ್ಮನ್ನ ವೇದಿಕೆಗೆ ಕರೆದಿದ್ದು."

"ಹಾಗಲ್ಲ ಸಾರ್. ಒಂದೇ ಥರ ಅಲ್ಲ, ಒಂದೇ."

"ವಿನಯ ಸಾಕು. ನಾಳೆ ಕೋಟು ಇಸ್ತ್ರಿ ಮಾಡಿಸಿಕೊಂಡು ಬನ್ನಿ."

ಬಾಯಿಮಾತು ಕೆಲಸಕ್ಕೆ ಬಾರದು ಎಂದು ಸೌಟಣ್ಣನಿಗೆ ತಿಳಿಯಿತು. "ಒಂದು ನಿಮಿಷ ಅಡುಗೆಮನೆಗೆ ಬನ್ನಿ" ಎಂದು, ಜೀವಮಾನದಲ್ಲಿ ಮೊದಲ ಸಲ ಒಬ್ಬ ಪ್ರೊಫೆಸರರ ತೋಳು ಹಿಡಿದು ಕರೆದುಕೊಂಡು ಹೋದ. ಎರಡು ಹಂಡೆಗೆ ನೀರು ತುಂಬಿ, ಒಂದಕ್ಕೆ ಕೆಂಪು ಡಬ್ಬಿಯ ಪುಡಿ, ಒಂದಕ್ಕೆ ಹಸಿರಿನದು ಹಾಕಿದ. ಆಮೇಲೆ ಸೌಟು ಎತ್ತಿದ. ಇದರಿಂದ ಅದಕ್ಕೆ ಒಂದು, ಎರಡು, ಮೂರು... ಹತ್ತು. ಅದರಿಂದ ಇದಕ್ಕೆ ಹತ್ತು. ಪ್ರೊಫೆಸರರು ಮೊದಲ ಸುತ್ತಿನಲ್ಲಿ ಮುಗುಳ್ನಗುತ್ತಿದ್ದರು. ಎರಡನೇ ಸುತ್ತಿನಲ್ಲಿ ಅವರ ತುಟಿ ತಾನಾಗಿಯೇ ಎಣಿಸತೊಡಗಿತು. ಮೂರನೇ ಸುತ್ತಿನಲ್ಲಿ ಅವರು ಹತ್ತಿರದ ಮೂಟೆಯ ಮೇಲೆ ಕುಳಿತರು, ಅದು ಆಲೂಗಡ್ಡೆಯದೆಂದೂ ನೋಡಲಿಲ್ಲ.

"ದಿನಾ?"

"ಎರಡನೇ ವಾರದಿಂದ ದಿನಾ ಸಾರ್. ಹೇಗೆ ಮಾಡ್ತೀರೋ ನನಗೆ ಗೊತ್ತಿಲ್ಲ ಅಂದಿದ್ರಿ."

ಬಾಗಿಲ ಹತ್ತಿರ ನಿಂತಿದ್ದ ಸೂಜಿ ಮೇಡಂ ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡಿದ್ದಳು. ಕೊನೆಗೆ ತೆಗೆದು ಹೇಳಿದಳು: "ಹಾಗಾದ್ರೆ ನಮ್ಮ ಯಂತ್ರ ಸ್ವಚ್ಛವಾಗೇ ಇತ್ತು ಸಾರ್. ಅದಕ್ಕೊಂದು ಕ್ಷಮೆ ಕೇಳಿಬಿಡಿ."

ಪ್ರೊಫೆಸರರು ಮಾತಾಡಿದಾಗ ಅವರ ಗಾಂಭೀರ್ಯ ಎಲ್ಲೋ ಹೊರಗೇ ಉಳಿದಿತ್ತು. "ಈಗ ಯಾಕೆ ಹೇಳಿದ್ರಿ? ಶನಿವಾರ ಹೇಳಬಹುದಿತ್ತು."

ಸೌಟಣ್ಣ ಗುಂಡಿ ಡಬ್ಬದ ಕಥೆ ಹೇಳಿದ. ಪ್ರೊಫೆಸರರು ಮೂಟೆಯಿಂದ ಎದ್ದ ವೇಗಕ್ಕೆ ಎರಡು ಆಲೂಗಡ್ಡೆ ಉರುಳಿಹೋದವು.

ಅರ್ಧ ಗಂಟೆಯಲ್ಲಿ ಮೂವರೂ ಅಕ್ಕನ ಕೋಣೆಯಲ್ಲಿದ್ದರು. ಅಕ್ಕ ಪ್ರೊಫೆಸರರನ್ನು ಅಳತೆ ಕೊಡುವವರ ಸ್ಟೂಲಿನ ಮೇಲೆ ಕೂರಿಸಿದಳು. ಸೂಜಿ ಮೇಡಂ ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು. ಅಂಕಿ ನೋಡಿ ಅವಳ ನಗು ಹೋಯಿತು.

"ಎಷ್ಟಿದೆ?" ಅಂದಳು ಅಕ್ಕ.

"ಮೊದಲ ದಿನಕ್ಕಿಂತಲೂ ಜಾಸ್ತಿ ಇದೆ."

"ನಿನ್ನ ಯಂತ್ರನೂ ಈಗ ತಾನೇ ಮೆಟ್ಟಿಲು ಹತ್ತಿ ಬಂದಿದೆ, ಅದಕ್ಕೇ."

ಪ್ರೊಫೆಸರರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ನೀವು ಕುಡಿದದ್ದು ಬರೀ ಹಿಟ್ಟಲ್ಲ. ನಿಮ್ಮ ತಮ್ಮ ಹೇಳಿದ್ದು ನಿಜ. ನಾನು ಹೇಳಿದ್ದು... ತಪ್ಪು." ಕೊನೆಯ ಪದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಹಳ ವರ್ಷ ಉಪಯೋಗಿಸದ ಬೀಗದ ಹಾಗೆ. "ಮತ್ತೆ, ಸತ್ವ ಪೂರ್ತಿ ಕುಡಿದಿದ್ದರೂ ಮಾತ್ರೆ ಬಿಡುವಂತಿರಲಿಲ್ಲ. ಸೊಪ್ಪು ಸಿಪ್ಪೆ ಪುಟವನ್ನ ಮೆಲ್ಲಗೆ ತಿರುಗಿಸಿಯಾವು. ನಿಮ್ಮ ಹೃದಯಕ್ಕೆ ಅಷ್ಟು ಪುರುಸೊತ್ತಿಲ್ಲ."

ಅಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಒಮ್ಮೆ ತಿರುಗಿಸಿದಳು. "ಹಾಗಾದ್ರೆ ನನ್ನ ಮನಸ್ಸು ಏನೂ ಮಾಡಲಿಲ್ವಾ?"

"ಮಾಡ್ತಲ್ಲ," ಎಂದಳು ಸೂಜಿ ಮೇಡಂ, "ಮಾತ್ರೆ ಬಿಡಿಸ್ತು."

ಅಕ್ಕನಿಗೆ ನಗು ಬಂತು. ಬಂದ ಮೇಲೆ ನಿಲ್ಲಲಿಲ್ಲ. ಡಬ್ಬವನ್ನು ಮೇಜಿನ ಮೇಲೆ ಸುರಿದಳು. ನಾಲ್ವರೂ ಸುತ್ತ ಬಗ್ಗಿ ಆರಿಸತೊಡಗಿದರು. ತೂತಿದ್ದವು ಗುಂಡಿ, ತೂತಿಲ್ಲದವು ಮಾತ್ರೆ. ಪ್ರೊಫೆಸರರು ಒಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿ ಮಾತ್ರೆಗಳ ಕಡೆ ಹಾಕಿದರು. ಅಕ್ಕ ಅದನ್ನು ತೆಗೆದು ಮಗುಚಿದಳು. "ಇದು ಕೋಟಿನ ಗುಂಡಿ ಸ್ವಾಮಿ. ಹಿಂದುಗಡೆ ಕೊಂಡಿ ಇದೆ ನೋಡಿ." ಆರಿಸಿದ್ದನ್ನೆಲ್ಲಾ ಸೂಜಿ ಮೇಡಂ ಕಾಗದದಲ್ಲಿ ಕಟ್ಟಿ ಬಿಸಾಡಲು ಇಟ್ಟುಕೊಂಡಳು. ಅವತ್ತೇ ಅಕ್ಕನನ್ನು ಹೃದಯದ ವೈದ್ಯರ ಹತ್ತಿರ ಕರೆದೊಯ್ದು ತೋರಿಸಿ, ಹೊಸ ಮಾತ್ರೆ ತಂದುಕೊಟ್ಟಳು.

ಶುಕ್ರವಾರ ವಿದ್ವಾಂಸರು ಬಂದರು. ಪ್ರೊಫೆಸರರು ನಂಬಿಕೆಯ ಭಾಷಣ ಮಡಿಸಿ ಜೇಬಿಗಿಟ್ಟು, ಹಂಡೆಗಳ ಕಥೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ತಮ್ಮ ಭಾಷಣಕ್ಕೆ ಜನ ಎಚ್ಚರವಾಗಿ ಕುಳಿತದ್ದು ಅದೇ ಮೊದಲು ಎಂದು ಅವರಿಗೂ ಹೊಳೆದಿರಬೇಕು. ಈಗೀಗ ಹೋದಲ್ಲೆಲ್ಲಾ ಅದನ್ನೇ ಹೇಳುತ್ತಾರೆ, ಹೇಳಿದಂತೆಲ್ಲಾ ಸೌಟುಗಳ ಸಂಖ್ಯೆ ಏರುತ್ತಿದೆ.

ಪ್ರಯೋಗ ಹೊಸದಾಗಿ ಶುರುವಾಯಿತು. ಕೆಂಪು ಡಬ್ಬಿ ಒಂದು ಕೋಣೆಯಲ್ಲಿ, ಹಸಿರು ಡಬ್ಬಿ ಇನ್ನೊಂದು ಕೋಣೆಯಲ್ಲಿ, ನಡುವೆ ಬೀಗ. ಒಗರು ಮರೆಸಲು ಎರಡೂ ಪುಡಿಗಳು ಈಗ ನುಂಗುವ ಕ್ಯಾಪ್ಸೂಲಿನೊಳಗೆ ಹೋಗಿವೆ, ಸೂಪಿಗೆ ಸಂಬಂಧವಿಲ್ಲ. ಸೌಟಣ್ಣನ ಕೆಲಸ ಉಳಿಯಿತು, ಕೋಟೂ ಉಳಿಯಿತು. ಆದರೆ ಪ್ರಯೋಗದ ಡಬ್ಬಿಗಳ ಹತ್ತಿರ ಹೋಗಲು ಅವನಿಗೆ ಅಪ್ಪಣೆಯಿಲ್ಲ, ಗೋಡೆಯ ಮೇಲೆ ಹಾಗೆಂದು ಬರೆದು ಅಂಟಿಸಿದ್ದಾರೆ. ಅವನು ಈಗ ಸಿಬ್ಬಂದಿಗೆ ಅಡುಗೆ ಮಾಡುತ್ತಾನೆ. ಅಲ್ಲಿ ಎರಡು ಹಂಡೆ ಇವೆ. ಅವನ್ನು ಏನು ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ.

ಅಕ್ಕ ಹೊಸ ಪ್ರಯೋಗಕ್ಕೆ ಸಲ್ಲಲಿಲ್ಲ. ಒಮ್ಮೆ ಕೂಡಿಸಿದ ಹಂಡೆ ಅವಳು. ಹಾಗೆಂದು ಬಿಟ್ಟಾಳೆಯೇ? ದಿನಾ ಮಧ್ಯಾಹ್ನ ಹಿಂಬಾಗಿಲಿಂದ ಬಂದು, "ಸಿಪ್ಪೆ ಹಾಕಿದ್ದೀಯೇನೋ?" ಎಂದು ಕೇಳಿ ಕಟ್ಟೆಯ ಪಕ್ಕದಲ್ಲಿ ಕೂರುತ್ತಾಳೆ. ತಮ್ಮ ಒಂದು ಬಟ್ಟಲು ಸೂಪು ಇಟ್ಟು, ಪಕ್ಕದಲ್ಲಿ ಮಾತ್ರೆ ಇಟ್ಟು, ಅವಳು ನುಂಗುವವರೆಗೂ ಸೌಟು ಹಿಡಿದು ಕಾವಲು ನಿಲ್ಲುತ್ತಾನೆ. ಅಕ್ಕ ಮೊದಲು ಅವನ ಕಾಲರ್ ಸರಿಮಾಡುತ್ತಾಳೆ. ಆಮೇಲೆ ಮಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಯಿಗೆ ಹಾಕಿಕೊಳ್ಳುತ್ತಾಳೆ.